ಒಂದು ಕೈ ಕೆಂಪು

ಮೂಗು ಸೀಟಿದರೆ ಅವತ್ತು ಯಾವ ಗಾಡಿಗೆ ಬಣ್ಣ ಹೊಡೆದಿದ್ದೇವೆಂದು ನಮಗೆ ತಿಳಿಯುತ್ತಿತ್ತು. ಟ್ರ್ಯಾಕ್ಟರು ಬಂದಿದ್ದರೆ ಕೆಂಪು, ಶಾಲೆಯ ಬಸ್ಸು ಬಂದಿದ್ದರೆ ಹಳದಿ, ಟ್ರೇಲರಾದರೆ ನೀಲಿ. ಬಚ್ಚಲಲ್ಲಿ ಅಣ್ಣ ಮೂಗು ಸೀಟಿ, ಕಲ್ಲಿನ ಮೇಲೆ ಬಿದ್ದದ್ದನ್ನು ನನಗೆ ತೋರಿಸಿ, "ನೋಡಲೇ, ಮ್ಯಾಚಿಂಗ್ ಕರೆಕ್ಟ್ ಐತಿ" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದೆವು. ಆ ನಗುವಿನ ಬಗ್ಗೆ ಈಗ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಕುಂದಗೋಳದಲ್ಲಿ ರಸ್ತೆಯ ಮಗ್ಗುಲಿಗೆ ನಮ್ಮ ಮನೆ, ಮನೆಗೆ ಹತ್ತಿಕೊಂಡೇ ತಗಡಿನ ಶೆಡ್ಡು. ಗಾಡಿಗಳಿಗೆ ಬಣ್ಣ ಹೊಡೆಯುವುದು ನಮ್ಮ ಕಾಯಕ. ಅಣ್ಣ ಮೊದಲು ಶಾಲೆ ಬಿಟ್ಟು ಹುಬ್ಬಳ್ಳಿಯ ಒಬ್ಬ ಉಸ್ತಾದನ ಕೈಕೆಳಗೆ ಕೆಲಸ ಕಲಿತ. ನಾನು ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಅವನ ಹಿಂದೆ ಬಂದೆ. ಅದಕ್ಕೆ ನನಗೆ ಎಂದೂ ನಾಚಿಕೆ ಅನ್ನಿಸಿಲ್ಲ. ನಾವು ಬಣ್ಣ ಹೊಡೆದ ಟ್ರ್ಯಾಕ್ಟರು ಈ ಸುತ್ತಿನ ಯಾವ ಹಳ್ಳಿಯಲ್ಲಿದ್ದರೂ ಹೋಗಿ ಅದರ ಮೈಮೇಲೆ ಕೈಯಾಡಿಸಿ ನೋಡಬಹುದು. ಬೆರಳಿಗೆ ಒಂದು ಕಾಳು ಹತ್ತುವುದಿಲ್ಲ.

ಹೊಡೆಯುವಾಗ ಮೂಗಿಗೆ ಒದ್ದೆ ವಲ್ಲಿ ಕಟ್ಟಿಕೊಳ್ಳುತ್ತಿದ್ದೆವು. ಹೆಗಲ ಮೇಲಿನ ವಲ್ಲಿಯೇ, ಬೇರೆ ಏನೂ ಅಲ್ಲ. ಸಂಜೆ ಬಣ್ಣ ಹೊಡೆಯುವ ಗನ್ ತೊಳೆದಿಟ್ಟ ಮೇಲೆ ಒಂದೊಂದು ಉಂಡೆ ಬೆಲ್ಲ. ಇದು ಅಣ್ಣ ಉಸ್ತಾದನಿಂದ ತಂದ ಕಟ್ಟಳೆ. ಬೆಲ್ಲ ತಿಂದರೆ ಗಂಟಲಲ್ಲಿ ಕೂತ ಬಣ್ಣ ಕೆಳಗಿಳಿಯುತ್ತದೆ, ಎದೆಯಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಕಸುಬಿನವರೆಲ್ಲ ನಂಬಿದ್ದರು. ಬಣ್ಣದ ಡಬ್ಬಿಗಳ ಸಾಲಿನಲ್ಲೇ ಬೆಲ್ಲದ ಸ್ಟೀಲ್ ಡಬ್ಬಿ ಇರುತ್ತಿತ್ತು. ಅದನ್ನು ತುಂಬಿಡುವ ಕೆಲಸ ವೈನಿಯದು. ಅಣ್ಣನ ಹೆಂಡತಿ ಆಕೆ. ನಾನು ಚಡ್ಡಿ ಹಾಕುವ ವಯಸ್ಸಿನಲ್ಲಿದ್ದಾಗ ನಮ್ಮ ಮನೆಗೆ ಬಂದವಳು. ಹಬ್ಬಕ್ಕೆ ಹೋಳಿಗೆ ಮಾಡಲು ಬೆಲ್ಲ ಕಡಿಮೆ ಬಿದ್ದರೂ ಆ ಡಬ್ಬಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ.

ಕಾಂಟೆಸಾ ಕಾರು ಬಂದದ್ದು ಕುಬಿಹಾಳದಿಂದ. ಅಲ್ಲಿಯ ಒಬ್ಬ ಗೌಡರ ಕೊಟ್ಟಿಗೆಯಲ್ಲಿ ಅದು ವರ್ಷಗಟ್ಟಲೆ ಜೋಳದ ಕಣಕಿಯ ಕೆಳಗೆ ಹೂತು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಗೌಡರ ಟ್ರ್ಯಾಕ್ಟರಿಗೂ ಮನೆಯ ಕಬ್ಬಿಣದ ಬಾಗಿಲಿಗೂ ಬಣ್ಣ ಹೊಡೆದುಕೊಟ್ಟದ್ದಕ್ಕೆ ಅಣ್ಣ ಕೂಲಿಯ ಬದಲು ಆ ಕಾರನ್ನು ಕೇಳಿದ. ಗೌಡರು ನಕ್ಕರು. "ಕೋಳಿ ಬಿಟ್ಟು ಉಳದದ್ದೆಲ್ಲಾ ನಿಂದಪಾ, ಒಯ್ಯಿ."

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದೆವು. ಗಾಜಿಲ್ಲದ ಕಾರಿನಲ್ಲಿ ಅಣ್ಣ ಸ್ಟೇರಿಂಗ್ ಹಿಡಿದು ಮದುಮಗನಂತೆ ನೆಟ್ಟಗೆ ಕೂತಿದ್ದ. ಊರ ಅಗಸೆಯಲ್ಲಿ ಕೂತವರು, "ಮದವಿ ಯಾವಾಗ್ರಿ?" ಎಂದು ಕೂಗಿದರು. "ಹೆಣ್ಣು ಇದ ಐತ್ರಿ, ಕರಕೊಂಡ ಬಂದೀನಿ" ಎಂದ ಅಣ್ಣ.

ಅಷ್ಟು ಉದ್ದ ಬಾನೆಟ್ಟಿನ, ಅಷ್ಟು ಅಗಲ ಭುಜದ ಕಾರು ನಮ್ಮ ದೇಶದಲ್ಲಿ ಮತ್ತೆ ಬರಲಿಲ್ಲ ಎಂಬುದು ಅವನ ಮಾತು. ಅವನು ಕೆಲಸ ಕಲಿಯುವಾಗ ಉಸ್ತಾದನ ಶೆಡ್ಡಿಗೆ ಇಂಥದ್ದೊಂದು ಬಂದಿತ್ತು. ನೀರು ಹಾಕಿ ಉಸುಕಿನ ಕಾಗದದಿಂದ ತಿಕ್ಕುವುದಷ್ಟೇ ಅಣ್ಣನ ಪಾಲಿಗೆ. ಗನ್ ಹಿಡಿದವನು ಉಸ್ತಾದ. ಕಡುಗೆಂಪು ಹೊಡೆದನಂತೆ. ಬಣ್ಣ ಒಣಗಿದ ಮೇಲೆ ಆ ಬಾನೆಟ್ಟಿನಲ್ಲಿ ಅಣ್ಣನಿಗೆ ತನ್ನ ಮುಖ ಕಂಡಿತಂತೆ. ಒಮ್ಮೆ ಇಂಥ ಗಾಡಿಗೆ ತಾನೇ ಕೆಂಪು ಹೊಡೆಯಬೇಕು ಎಂಬುದು ಅಂದಿನಿಂದ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಕೆಲಸ ಆಮೆಯ ಹೆಜ್ಜೆಯಲ್ಲಿ ನಡೆಯಿತು. ಗಿರಾಕಿಗಳ ಗಾಡಿ ಮುಗಿದ ಮೇಲೆ ಇದು. ಎದುರು ಸಾಲಿನಲ್ಲಿ ತಗಡು ಬಡಿಯುವ ಚಾಚಾ ಇದ್ದಾರೆ. ಗಾಡಿಯ ಮೈಯ ತಗ್ಗು ಎಬ್ಬಿಸುವುದರಲ್ಲಿ ಅವರ ಮನೆತನವೇ ಪಳಗಿದ್ದು. ತುಕ್ಕು ತಿಂದ ಬಾಗಿಲು, ನೆಲ, ಡಿಕ್ಕಿಯನ್ನೆಲ್ಲ ಅವರು ಕತ್ತರಿಸಿ ಹೊಸ ತಗಡು ಕೂಡಿಸಿದರು. ನಾವು ಪುಟ್ಟಿ ತುಂಬಿ, ತಿಕ್ಕಿ, ಬೂದು ಬಣ್ಣದ ಪ್ರೈಮರ್ ಹೊಡೆದೆವು. ಬಣ್ಣವೊಂದು ಬಾಕಿ ಇತ್ತು. ಅಷ್ಟರಲ್ಲಿ ಅಣ್ಣನ ಕೆಮ್ಮು ಹೆಚ್ಚಾಯಿತು.

ಮೊದಲು ಮೆಣಸಿನಕಾಯಿ ಘಾಟು ಅಂದೆವು. ಆಮೇಲೆ ಎರಿ ಮಣ್ಣಿನ ಧೂಳು ಅಂದೆವು. ಮಾಳಿಗೆಯ ಮೆಟ್ಟಿಲು ಹತ್ತಿ ಅರ್ಧಕ್ಕೆ ಕೂತಾಗ ವಯಸ್ಸು ಅಂದೆವು. ಉಗುರುಗಳು ನೀಲಿಯಾದಾಗ ಬಣ್ಣ ಹತ್ತಿರಬೇಕೆಂದು ಥಿನ್ನರ್ ಹಚ್ಚಿ ತಿಕ್ಕಿ ನೋಡಿದ. ಹೋಗಲಿಲ್ಲ. ವೈನಿ ಅಳುತ್ತ ಕೂತಳು. ಮರುದಿನ ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರು ಎದೆಯ ಫೋಟೋವನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಏನು ಕೆಲಸ ಎಂದು ಕೇಳಿದರು. ಹೇಳಿದೆವು.

"ಮಾಸ್ಕ್ ಹಾಕ್ಕೋತಿದ್ರೇನು?"

"ವಲ್ಲಿ ಕಟ್ಕೋತಿದ್ವಿರಿ" ಎಂದ ಅಣ್ಣ. ಆಮೇಲೆ, ತನ್ನ ಶಿಸ್ತು ಅವರಿಗೂ ತಿಳಿಯಲಿ ಎಂಬಂತೆ ಬೆನ್ನು ನೆಟ್ಟಗೆ ಮಾಡಿ, "ಮತ್ತ ದಿನಾ ಸಂಜಿಮುಂದ ಬೆಲ್ಲ ತಿಂತಿದ್ವಿ. ಒಂದ ದಿನಾನೂ ತಪ್ಪಿಸಿಲ್ರಿ ಸಾಹೇಬ್ರ."

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. "ಬೆಲ್ಲ ಹೊಟ್ಟಿಗೆ ಹೋಗತೈತ್ರಿ. ಗಾಳಿ ಹೋಗೋ ದಾರಿ ಬ್ಯಾರೆ" ಎಂದರು. ಪುಪ್ಪುಸ ಗಟ್ಟಿಯಾಗಿದೆ, ಹಿಗ್ಗುವುದಿಲ್ಲ, ಹಿಂದಿನಂತೆ ಆಗುವುದೂ ಇಲ್ಲ. ಇನ್ನು ಶೆಡ್ಡಿನೊಳಗೆ ಕಾಲಿಡಬಾರದು, ಮನೆಯಲ್ಲಿ ಮಷೀನು ಇಟ್ಟುಕೊಂಡು ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡೇ ಇರಬೇಕು. ಇಷ್ಟು ಹೇಳಿದರು. ಎಷ್ಟು ದಿನ ಎಂದು ನಾನು ಕೇಳಿದೆ. ಅವರು ಅಣ್ಣನ ಕಡೆ ನೋಡಿ ಚೀಟಿ ಬರೆಯತೊಡಗಿದರು.

ಬಸ್ಸಿಳಿದು ಮನೆಯ ಬಾಗಿಲಿಗೆ ಬಂದಮೇಲೆ ಅಣ್ಣ ಕಟ್ಟೆಗೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತ ಒಂದೇ ಮಾತು ಕೇಳಿದ. "ಹಂಗಾರ ಇಷ್ಟ ವರ್ಷ ತಿಂದದ್ದು ಎಲ್ಲಿ ಹೋತಲೇ?"

ಮಷೀನು ಬಂತು. ಪುಟ್ಟ ಕಪಾಟಿನಷ್ಟು ಇತ್ತು, ಕೆಳಗೆ ಗಾಲಿ. ಹಗಲು ರಾತ್ರಿ ಗುಂಯ್ ಎನ್ನುತ್ತಿತ್ತು. ಅದರ ನಳಿಗೆಯನ್ನು ಉದ್ದ ಮಾಡಿಸಿ, ಅಂಗಳದ ಆಚೆ ಬೇವಿನ ಗಿಡದ ಕೆಳಗೆ ಹೊರಸು ಹಾಕಿ, ಗಾಳಿ ಶೆಡ್ಡಿನಿಂದ ಅವನ ಕಡೆ ಬೀಸದ ಮಗ್ಗುಲಿಗೆ ಅಣ್ಣನನ್ನು ಕೂಡಿಸಿದೆವು. ಅಲ್ಲಿಂದ ಶೆಡ್ಡು ಕಾಣುತ್ತಿತ್ತು, ಕಾಂಟೆಸಾದ ಮೂತಿ ಕಾಣುತ್ತಿತ್ತು.

ಮರುದಿನ ನಾನು ಒಂದು ಟ್ರೇಲರಿಗೆ ಬಣ್ಣ ಹೊಡೆಯಲು, ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಚಾಲು ಮಾಡಿದೆ. ಶೆಡ್ಡಿನ ದೀಪ ಒಮ್ಮೆ ಮಂದವಾಯಿತು. ಅದು ಯಾವಾಗಲೂ ಆಗುತ್ತದೆ; ನಮ್ಮ ಓಣಿಯ ಕೊನೆಯ ಕಂಬದಿಂದ ಮನೆಗೂ ಶೆಡ್ಡಿಗೂ ಬರುವುದು ಒಂದೇ ತಂತಿ, ಕಂಪ್ರೆಸರಿನ ಮೋಟರು ಏಳುವಾಗ ಇದ್ದಬದ್ದ ವೋಲ್ಟೇಜನ್ನೆಲ್ಲ ಎಳೆದುಕೊಳ್ಳುತ್ತದೆ. ಆದರೆ ಅವತ್ತು ಅಂಗಳದಿಂದ ಕೀ ಎಂದು ಒಂದು ಕೂಗು ಕೇಳಿಸಿತು. ನಿಲ್ಲದ ಕೂಗು. ಹಿಂದೆಯೇ ವೈನಿಯ ದನಿ.

"ಬಂದ್ ಮಾಡೋ! ತಮ್ಮಾ, ಬಂದ್ ಮಾಡೋ!"

ಓಡಿಹೋದೆ. ಮಷೀನಿನ ಮೇಲೆ ಕೆಂಪು ದೀಪ. ಅಣ್ಣ ಹೊರಸಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದು ಕೂತಿದ್ದ. ಮೀನು ದಂಡೆಗೆ ಬಿದ್ದಂತೆ ಎನ್ನುತ್ತಾರಲ್ಲ, ಹಾಗೆ. ಕಂಪ್ರೆಸರ್ ಬಂದ್ ಮಾಡಿದೆ. ಕೂಗು ನಿಂತಿತು.

ಸ್ಟೆಬಿಲೈಜರ್ ತಂದು ಹಾಕಿದೆ. ಕಂಪ್ರೆಸರ್ ಎದ್ದ ಕೂಡಲೇ ಅದು ಟಕ್ ಎಂದು ಕರೆಂಟನ್ನೇ ಕಡಿದುಬಿಡುತ್ತಿತ್ತು. ಶೆಡ್ಡಿಗೆ ಬೇರೆ ತಂತಿ ಕೇಳಿದೆ. ಕಂಬದ ಮೇಲೆ ಅಷ್ಟು ಭಾರ ತಡೆಯುವುದಿಲ್ಲ, ಕಾಯಬೇಕು ಎಂದರು. ಹೀಗಾಗಿ ನಮ್ಮ ಶೆಡ್ಡಿನ ಬಾಗಿಲು ಎಳೆದು ನಾನು ಹುಬ್ಬಳ್ಳಿಯ ಇನ್ನೊಬ್ಬರ ಶೆಡ್ಡಿಗೆ ದಿನಗೂಲಿಗೆ ಹೋಗತೊಡಗಿದೆ. ನನ್ನ ಹೆಸರು ಹೇಳಿಕೊಂಡು ಗಾಡಿಗಳು ನನ್ನ ಬಾಗಿಲಿಗೆ ಬರುತ್ತಿದ್ದವು. ಈಗ ನಾನು ಬೇರೆಯವರ ಬಾಗಿಲಲ್ಲಿ ನಿಂತು, ಇವತ್ತು ಕೆಲಸ ಐತೇನ್ರಿ ಎಂದು ಕೇಳಬೇಕಾಯಿತು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಅಣ್ಣನಿಗೆ ತಿಳಿದಿತ್ತು.

ದಸರೆ ಮುಗಿದು ಮೋಡ ತೆರವಾದ ಮೇಲೆ ಒಂದು ಮುಂಜಾನೆ ಅವನು ಹೊರಸಿನ ಮೇಲಿಂದ ಕರೆದ.

"ಲೇ ತಮ್ಮಾ, ಕಾಂಟೆಸಾ ಮುಗಸೂಣು."

"ನೀ ಆರಾಮ ಆಗು, ಮುಗಸೂಣು."

"ನಾ ಆರಾಮ ಆಗಂಗಿಲ್ಲ. ಅದಕ್ಕ ಮುಗಸೂಣು ಅಂತೀನಿ. ನೋಡಿ ಹೋಗತೀನಿ."

ಹುಬ್ಬಳ್ಳಿಗೆ ಒಯ್ದು ಅಲ್ಲಿಯ ಶೆಡ್ಡಿನಲ್ಲಿ ಹೊಡೆದು ತರುತ್ತೇನೆ ಎಂದೆ. ಅವನಿಗೆ ಸಿಟ್ಟು ಬಂತು. "ನಮ್ಮ ಗಾಡಿ ಮಂದಿ ಶೆಡ್ಡಿನ್ಯಾಗ? ನಾ ನೋಡದ ಹೊಡದ್ರ ಅದು ಯಾರದೋ ಗಾಡಿ." ಇಲ್ಲೇ ಹೊಡೆಯಬೇಕಾದರೆ ಕಂಪ್ರೆಸರ್ ಓಡುವಷ್ಟು ಹೊತ್ತು ಅವನು ಮಷೀನು ಬಿಟ್ಟು ಆಕ್ಸಿಜನ್ ಸಿಲಿಂಡರಿನ ಮೇಲೆ ಇರಬೇಕು. ಬಾಡಿಗೆಗೆ ಸಿಗುವುದು ಒಂದು ಸಿಲಿಂಡರು. ಅದರೊಳಗೆ ಇರುವುದು ಇಷ್ಟೇ ಗಾಳಿ.

ಬಣ್ಣದ ಮಾತು ಶುರುವಾದದ್ದು ಅಲ್ಲಿಂದ. ನಮ್ಮ ಕಸುಬಿನಲ್ಲಿ ಇಡೀ ಗಾಡಿಯ ಮೇಲೆ ಒಂದು ಸಲ ಬಣ್ಣ ಹಾಯಿಸುವುದಕ್ಕೆ ಒಂದು ಕೈ ಎನ್ನುತ್ತೇವೆ. ಬಿಳಿ ಎರಡು ಕೈಗೆ ಮುಚ್ಚುತ್ತದೆ. ಕೆಂಪು ಹಾಗಲ್ಲ, ಅದು ನೀರಿನಂಥ ಬಣ್ಣ. ಮೊದಲ ಕೈಗೆ ಕೆಳಗಿನ ಬೂದು ಅಷ್ಟೂ ಕಾಣುತ್ತದೆ. ನಾಲ್ಕು ಕೈಯಾದರೂ ಬೇಕು, ಪ್ರತಿ ಕೈಯ ನಡುವೆ ಆರಲು ಬಿಡಬೇಕು, ಕೊನೆಗೆ ಹೊಳಪಿನ ಕೈ ಬೇರೆ. ಅಷ್ಟು ಹೊತ್ತೂ ಕಂಪ್ರೆಸರ್ ಎದ್ದು ಎದ್ದು ಕೂರುತ್ತಿರಬೇಕು. ಬಿಳಿಯಾದರೆ ಸಿಲಿಂಡರಿನಲ್ಲಿ ಅರ್ಧ ಉಳಿಯುತ್ತಿತ್ತು. ಕೆಂಪಾದರೆ ಎಲ್ಲಿಯೂ ತಡವಾಗಬಾರದು, ತಡವಾದರೆ ಮುಗೀತು.

ನಾನು ಬಿಳಿ ಎಂದೆ. ಕಾರಣ ಹೇಳಲಿಲ್ಲ. ಹಳೆ ಗಾಡಿಗೆ ಬಿಳಿಯೇ ಗಂಭೀರ, ಬಿಸಿಲಿಗೆ ತಂಪು ಎಂದೆಲ್ಲ ಹೇಳಿದೆ.

"ಅಂಬುಲೆನ್ಸ್ ಮಾಡ್ತೀ ಏನ್ಲೇ?" ಎಂದ ಅಣ್ಣ. "ಮ್ಯಾಲೊಂದ ದೀಪಾ ಹಚ್ಚಿಬಿಡು. ನನ್ನ ಒಯ್ಯಾಕೂ ಬರತೈತಿ."

ಅವನು ಬಣ್ಣದ ಕಾರ್ಡು ನೋಡಿ ಎಂದೂ ಬಣ್ಣ ಆರಿಸಿದವನಲ್ಲ. ಡಬ್ಬಿಯ ಮುಚ್ಚಳಗಳ ಮೇಲೆ ಹೊಡೆದು, ತಂತಿಗೆ ತೂಗುಹಾಕಿ, ಮುಂಜಾನೆಯ ಬಿಸಿಲಿನಲ್ಲೊಮ್ಮೆ, ನಡುಮಧ್ಯಾಹ್ನಕ್ಕೊಮ್ಮೆ, ಹೊತ್ತು ಮುಳುಗುವಾಗೊಮ್ಮೆ ನೋಡಬೇಕು. ಕಂಪ್ರೆಸರಿನ ಟಾಕಿಯಲ್ಲಿ ತುಂಬಿ ನಿಂತಿದ್ದ ಹಳೆಯ ಗಾಳಿ ಮುಚ್ಚಳಗಳಿಗೆ ಸಾಕಾಗುತ್ತಿತ್ತು. ಹುಬ್ಬಳ್ಳಿಯಿಂದ ಸಂಜೆ ಬಂದು ಒಂದೊಂದೇ ಹೊಡೆದು ಬೇವಿನ ಟೊಂಗೆಗೆ ಕಟ್ಟಿದೆ. ಬಿಳಿಯಲ್ಲಿ ಹಾಲುಬಿಳಿ, ಸುಣ್ಣದ ಬಿಳಿ, ಕೆನೆ ಬಣ್ಣ. ಅವನ ಬಾಯಿ ಮುಚ್ಚಿಸಲು ಕೆಂಪಿನಲ್ಲೂ ಒಂದೆರಡು.

"ಇದು ಟ್ರ್ಯಾಕ್ಟರ್ ಕೆಂಪು." ನನಗೆ ಕೆಲಸವಿಲ್ಲದ ಒಂದು ಮುಂಜಾನೆ ಅಣ್ಣ ಒಂದನ್ನು ಕಿತ್ತು ಎಸೆದ. "ಇದು ಗ್ಯಾಸಿನ ಸಿಲಿಂಡರ್." ಇನ್ನೊಂದನ್ನೂ ಎಸೆದ. ನಂತರ ಮನೆಯ ಕಡೆ ತಿರುಗಿ ಕೂಗಲು ಹೋದ, ಕೂಗುವಷ್ಟು ಉಸಿರಿಲ್ಲದೆ ಕೈ ಬೀಸಿದ. ವೈನಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಳು.

"ಸೆರಗ ಕೊಡು ಇಲ್ಲೆ."

"ಅಯ್ಯ, ಹಗಲ ಹೊತ್ತನ್ಯಾಗ ಏನಿದು!"

"ಕೊಡಬೇ, ಬಣ್ಣ ನೋಡಬೇಕು."

ಆಕೆ ಉಟ್ಟದ್ದು ಹಳೆಯ ಇಳಕಲ್ಲ ಸೀರೆ. ಅದರ ಸೆರಗಿನ ಕೆಂಪು ಹಳತಾಗಿ ಕರಿಗೆ ಇಳಿದಿತ್ತು. ಅಣ್ಣ ಅದನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸಿದ. "ಇದು. ಉಸ್ತಾದ್ ಹೊಡದದ್ದು ಇದ."

"ಲಗ್ನ ಆಗಿ ಇಷ್ಟ ವರ್ಷಾತು" ಎಂದಳು ವೈನಿ ನನಗೆ, "ಒಮ್ಮೆರ ನಿನ್ನ ಸೀರಿ ಚಂದ ಐತಿ ಅಂದವ್ರಲ್ಲ. ಈಗ ಗಾಡಿ ಸಲುವಾಗಿ ನೋಡಾಕತ್ತಾರ ನೋಡು." ನಗುತ್ತಲೇ ಹೇಳಿದಳು. ಸೆರಗನ್ನು ಮಾತ್ರ ಎಳೆದುಕೊಳ್ಳಲಿಲ್ಲ. ಅವನು ಬಿಡುವವರೆಗೂ ಹಾಗೇ ಬಾಗಿ ನಿಂತಿದ್ದಳು.

ಚಾಚಾ ಒಂದು ಉಪಾಯ ಹೇಳಿದರು. ಟಾಯರ್ ಪಂಕ್ಚರಿನವರ ಹತ್ತಿರ ಡೀಸೆಲ್ಲಿನ ಕಂಪ್ರೆಸರ್ ಇರುತ್ತದೆ, ಕರೆಂಟಿನ ಗೊಡವೆಯೇ ಬೇಡ. ಅಣ್ಣ ಕೈಯಾಡಿಸಿದ. "ಚಾಚಾ, ಅದು ಎಣ್ಣಿ ಕುಡದ ಗಾಳಿ. ಬಣ್ಣದ ತುಂಬ ಮೀನಗಣ್ಣು ಏಳತಾವು. ಹೊಗಿ ಬ್ಯಾರೆ." ಅದು ಖರೆ. ಎಣ್ಣೆ ಬೆರೆತ ಗಾಳಿಯಲ್ಲಿ ಹೊಡೆದ ಬಣ್ಣ ಚುಕ್ಕಿ ಚುಕ್ಕಿಯಾಗಿ ಬಿಟ್ಟುಕೊಳ್ಳುತ್ತದೆ. ನಾನೂ ಬೇಡವೆಂದೆ. ನನ್ನ ಕೈಯಿಂದ ಅಂಥ ಕೆಲಸ ಹೊರಡುವುದು ನನಗೆ ಆಗಿಬರುವುದಿಲ್ಲ.

"ಇಬ್ಬರೂ ಒಂದ ಹೊಟ್ಟ್ಯಾಗಿಂದ ಬಂದ ಕಲ್ಲು" ಎಂದು ಚಾಚಾ ಎದ್ದುಹೋದರು.

ಹೀಗೇ ಜಗ್ಗಾಟ ನಡೆಯಿತು. ನಾನು ಬಿಳಿ, ಅವನು ಕೆಂಪು. ಅವನ ಕಾಲು ಬಾತುಕೊಳ್ಳತೊಡಗಿದವು. ಮಾತಿನ ನಡುವೆ ನಿಲ್ಲುವುದು ಹೆಚ್ಚಾಯಿತು. ಹೀಗೆ ಜಗಳಾಡುತ್ತಲೇ ಹೊತ್ತು ಹೋಗುತ್ತಿದೆ ಎಂಬುದು ನನಗೂ ಗೊತ್ತಿತ್ತು, ಆದರೆ ಕೆಂಪು ಎಂದು ಒಪ್ಪಿಕೊಳ್ಳಲು ನಾಲಿಗೆ ಏಳುತ್ತಿರಲಿಲ್ಲ.

ಒಂದು ಸಂಜೆ ನಾನು ಬಂದಾಗ ಹೊರಸಿನ ಮೇಲೆ ಅವನ ಬಾಜು ಒಂದು ಪೆಟ್ಟಿಗೆ ಇತ್ತು. ಚಾಚಾನ ಕೈಯಲ್ಲಿ ಹುಬ್ಬಳ್ಳಿಯಿಂದ ತರಿಸಿದ್ದ. ಒಳಗೆ ಕರಿ ರಬ್ಬರಿನ ಮಾಸ್ಕು, ಎರಡೂ ಮಗ್ಗುಲಿಗೆ ದುಂಡನೆಯ ಡಬ್ಬಿಗಳು.

"ಹಾಕ್ಕೋ, ನೋಡೂಣು."

ಹುಬ್ಬಳ್ಳಿಯ ಹೊಸ ಹುಡುಗರು ಅದನ್ನು ಹಾಕುತ್ತಿದ್ದರು. ನಾನು ಅವರನ್ನು ನೋಡಿ ನಗುತ್ತಿದ್ದೆ. "ನನಗ ಬ್ಯಾಡ. ನನ್ನ ಎದಿ ಗಟ್ಟಿ ಐತಿ" ಎಂದೆ.

"ನಂದೂ ಗಟ್ಟಿ ಐತಿ ಅಂದ್ರಲ್ಲ ಡಾಕ್ಟ್ರು." ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹೇಳಿದ: "ಕೇಳಿಲ್ಲೆ. ನೀ ಇದನ್ನ ಮೂತಿಗಿ ಹಾಕ್ಕೊಂಡು ಹೊಡಿತೀನಿ ಅಂದ್ರ, ಇದೊಂದ ಗಾಡಿಗಲ್ಲ, ಮುಂದೂ, ಬಿಳೀನ ಹೊಡಿ. ನಾ ಒಪ್ಪತೀನಿ."

ಬಣ್ಣದ ವಿಷಯದಲ್ಲಿ ನನ್ನ ಅಣ್ಣ ಯಾರಿಗೂ ಸೋತವನಲ್ಲ. ಗಿರಾಕಿಗಳೊಡನೆ ಜಗಳಾಡಿ ಗಾಡಿ ವಾಪಸು ಕಳಿಸಿದವನು. ಅವನ ಬಾಯಿಂದ ಬಿಳೀನ ಹೊಡಿ ಎಂಬ ಮಾತು ಬಂದಿತ್ತು. ಪೆಟ್ಟಿಗೆಯಿಂದ ಮಾಸ್ಕು ತೆಗೆದು ಹಾಕಿಕೊಂಡೆ. ರಬ್ಬರಿನ ವಾಸನೆ. ನನ್ನ ಉಸಿರು ನನ್ನ ಕಿವಿಗೇ ಕೇಳಿಸಿತು.

"ಎಮ್ಮಿ ಮೂತಿ" ಎಂದ ಅಣ್ಣ. ಅವನ ಕಣ್ಣಲ್ಲಿ ನೀರಿತ್ತು, ಕೆಮ್ಮಿನದೋ ಏನೋ.

ಮರುದಿನ ಹುಬ್ಬಳ್ಳಿಯಲ್ಲಿ ಬಣ್ಣದ ಅಂಗಡಿಯ ಮುಂದೆ ನಿಂತು ನಾನು ಬಿಳಿ ಕೇಳಲಿಲ್ಲ. ವೈನಿಯ ಆ ಸೀರೆಯ ಸೆರಗಿನ ತುದಿಯಿಂದ ನಾಲ್ಕು ಎಳೆ ಕೇಳಿ ತಂದಿದ್ದೆ. ಅದನ್ನು ಕೌಂಟರಿನ ಮೇಲಿಟ್ಟೆ. ಸ್ವಲ್ಪ ಕರಿ, ಒಂದಿಷ್ಟು ಕಂದು, ಉಳಿದದ್ದು ಕೆಂಪು. ಹೊಂದುವವರೆಗೂ ನಿಂತು ಕಲಸಿಸಿಕೊಂಡು ಬಂದೆ. ಅಂಗಳದಲ್ಲಿ ಡಬ್ಬಿಯ ಮುಚ್ಚಳ ಎಬ್ಬಿಸಿ ಅವನಿಗೆ ತೋರಿಸಿದೆ.

"ಏ, ಇದೇನಲೇ? ಬಿಳಿ ಅಂತ ಮಾತಾಗಿತ್ತಲ್ಲ?"

"ಮಾಸ್ಕು ನಿನ್ನ ಮಾತು. ಬಣ್ಣ ನನ್ನ ಮಾತು" ಎಂದೆ.

ಅವನು ಡಬ್ಬಿಯೊಳಗೆ ನೋಡುತ್ತ ಕೂತ. ಬೆರಳು ಅದ್ದಿ ಉಗುರ ಮೇಲೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದ. ನೀಲಿ ಉಗುರು ಕೆಂಪಾಯಿತು. "ಹೂಂ" ಎಂದ. ಅಷ್ಟೇ.

ಮಂಗಳವಾರ ದುರಸ್ತಿಗೆಂದು ಕರೆಂಟು ತೆಗೆಯುವ ಪದ್ಧತಿ. ಅದನ್ನು ಬಿಟ್ಟು ಬುಧವಾರ ಹಿಡಿದೆವು. ನಸುಕಿನಲ್ಲೇ ನೆಲಕ್ಕೆ ನೀರು ಹೊಡೆದು ಧೂಳು ಕೂಡಿಸಿದೆ. ಕಾರಿನ ಮೈಯನ್ನು ಒರೆಸಿ ಒರೆಸಿ ಇಟ್ಟೆ. ಚಾಚಾ ಸಿಲಿಂಡರಿನ ಕೀಲಿ ತಿರುವಿ ಅಣ್ಣನ ನಳಿಗೆಯನ್ನು ಮಷೀನಿನಿಂದ ತೆಗೆದು ಅದಕ್ಕೆ ಸೇರಿಸಿದರು. ಬೆಂಕಿ ಆಗದೆಂದು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಅಲ್ಲೇ ಕೂತರು. ವೈನಿ ಶೆಡ್ಡಿನ ಎರಡೂ ಬಾಗಿಲು ತೆರೆದಳು. ನಾನು ಮಾಸ್ಕು ಹಾಕಿಕೊಂಡೆ. ರಸ್ತೆಯಲ್ಲಿ ಹೋಗುವವನೊಬ್ಬ, "ಏನ್ರೀ, ಮತ್ತ ಕೊರೋನಾ ಬಂತೇನು?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತಕ್ಕದ್ದು ಹೇಳುತ್ತಿದ್ದೆ.

ಕಂಪ್ರೆಸರ್ ಎದ್ದಿತು. ದೀಪ ಮಂದವಾಯಿತು. ಏನೂ ಕೂಗಲಿಲ್ಲ. ಮೇಲ್ಛಾವಣಿಯಿಂದ ಶುರುಮಾಡಿ, ಬಾನೆಟ್ಟು, ಎಡಗಡೆ, ಡಿಕ್ಕಿ, ಬಲಗಡೆ. ನನ್ನ ಜೀವಮಾನದಲ್ಲಿ ಅಷ್ಟು ಸಮ ಕೈ ಹೊಡೆದಿಲ್ಲ. ಒಂದು ಹನಿ ಹರಿಯಲಿಲ್ಲ, ಒಂದು ನೊಣ ಕೂರಲಿಲ್ಲ. ಮೊದಲ ಕೈ ಮುಗಿದಾಗ ಬಿಸಿಲು ಬಾನೆಟ್ಟಿನ ಮೇಲೆ ಬಂದಿತ್ತು. ಕೆಳಗಿನ ಬೂದು ಇಣುಕುತ್ತಿತ್ತು, ಆದರೆ ಮೇಲೆ ತೇಲುತ್ತಿದ್ದದ್ದು ಸೆರಗಿನ ಕೆಂಪೇ. ಆರಲಿ ಎಂದು ಗನ್ ಕೆಳಗಿಟ್ಟು ಅಣ್ಣನ ಕಡೆ ನೋಡಿದೆ. ಅವನು ಎರಡು ಬೆರಳು ಎತ್ತಿ ತೋರಿಸಿದ. ಎರಡನೇ ಕೈ.

ಆಗ ಕರೆಂಟು ಹೋಯಿತು.

ಚಾಚಾ ಎದ್ದು ಕಂಬದ ತನಕ ಹೋಗಿ ಬಂದರು. ಅಳ್ನಾವರದ ಕಡೆಗೋ ಎಲ್ಲೋ ದೊಡ್ಡ ತಂತಿ ಹರಿದಿದೆಯಂತೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು.

"ನಿನ್ನೆ ಮಂಗಳವಾರ ಹೋಗಲಿಲ್ಲ, ಇವತ್ತ ಹೋತು" ಎಂದಳು ವೈನಿ.

"ಅದಕ್ಕೂ ಗೊತ್ತಾಗೇತಿ, ಈ ಮಕ್ಕಳು ಬುಧವಾರ ಹಿಡದಾರಂತ" ಎಂದ ಅಣ್ಣ. ಚಾಚಾ ನಕ್ಕರು. ನಾನು ಸಿಲಿಂಡರಿನ ಮುಳ್ಳು ನೋಡುತ್ತಿದ್ದೆ.

ಡೀಸೆಲ್ ಕಂಪ್ರೆಸರ್ ತರಲೇ ಎಂದು ಚಾಚಾ ಮತ್ತೆ ಕೇಳಿದರು. ಈ ಸಲ ನಾನು ಅಣ್ಣನ ಮುಖ ನೋಡಿದೆ. ಅವನು ಬೇಡವೆಂದು ತಲೆಯಾಡಿಸಿದ. ಹೊತ್ತು ಏರಿತು, ಇಳಿಯಿತು. ಊಟ ತಂದಿಟ್ಟರೂ ಯಾರೂ ಉಣ್ಣಲಿಲ್ಲ. ಮೊದಲ ಕೈ ಆರಿ, ಒಣಗಿ, ಗಟ್ಟಿಯಾಗತೊಡಗಿತು. ಅಷ್ಟು ಒಣಗಿದ ಮೇಲೆ ಎರಡನೆಯದು ಅದರ ಮೇಲೆ ಕೂರುವುದಿಲ್ಲ. ತಿಕ್ಕಿ ಒರಟು ಮಾಡಿಯೇ ಹೊಡೆಯಬೇಕು.

ಕರೆಂಟು ಬಂದಾಗ ಸಂಜೆಯಾಗಿತ್ತು. ದೀಪ ಹಣತೆಯಷ್ಟು ಉರಿಯಿತು. ಸಿಲಿಂಡರಿನ ಮುಳ್ಳು ತಳ ಮುಟ್ಟಿತ್ತು. ತಂತಿ ಒಂದೇ. ನಾನು ಕಂಪ್ರೆಸರಿನ ಪ್ಲಗ್ಗು ಕಿತ್ತು, ನಳಿಗೆಯನ್ನು ಮತ್ತೆ ಮಷೀನಿಗೆ ಸೇರಿಸಿ ಚಾಲು ಮಾಡಿದೆ. ಅದು ಗುಂಯ್ ಎಂದಿತು. ಅಣ್ಣ ಕೈಯೆತ್ತಿ ನನ್ನನ್ನು ತಡೆಯಲು ನೋಡಿ, ಕೈ ಇಳಿಸಿದ.

"ನಾಳೆ ಹೊಡಿತೀನಿ" ಎಂದೆ. "ತಿಕ್ಕಿ ಹೊಡಿತೀನಿ."

ಅವನು ಕಾರಿನ ಕಡೆಯೇ ನೋಡುತ್ತಿದ್ದ. ಮುಳುಗುವ ಬಿಸಿಲು ಶೆಡ್ಡಿನೊಳಗೆ ಅಡ್ಡಡ್ಡ ಬಿದ್ದಿತ್ತು. "ಬಣ್ಣ ಅದ ಐತಿ" ಎಂದ. ಉಸಿರು ತೆಗೆದುಕೊಂಡ. "ಅಗದಿ ಅದ ಐತಿ ನೋಡು."

ವೈನಿ ಬೆಲ್ಲದ ಡಬ್ಬಿ ತಂದು ನನ್ನ ಮುಂದೆ ಹಿಡಿದಳು. ಇಷ್ಟು ವರ್ಷದ ರೂಢಿ, ಆಕೆಯ ಕೈ ತಾನಾಗಿಯೇ ತಂದಿತ್ತು. ಅಣ್ಣನೇ ಒಂದು ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟು, ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡ. "ಹೊಟ್ಟಿಗೆ ಹೋದರ ಹೋಗವಲ್ದ್ಯಾಕ" ಎಂದ. "ರುಚಿ ಅಂತೂ ಐತಿ."

ಮರುದಿನ ಬೆಳಗಾಗುವ ಹೊತ್ತಿಗೆ ಅವನಿಗೆ ಮಷೀನಿನ ಗಾಳಿಯೂ ಸಾಲದಾಯಿತು. ಅಂಬುಲೆನ್ಸ್ ಬಂತು. ಅದು ಬಿಳಿ. ಸ್ಟ್ರೆಚರ್ ಒಳಗೆ ತಳ್ಳುವಾಗ ಅವನು ನನ್ನನ್ನು ನೋಡಿ ಹುಬ್ಬು ಹಾರಿಸಿದ. ಬಾಯಿಗೆ ಮುಚ್ಚಳವಿದ್ದರೂ ಏನು ಹೇಳುತ್ತಿದ್ದಾನೆಂದು ನನಗೆ ತಿಳಿಯಿತು. ಹುಬ್ಬಳ್ಳಿಯ ವಾರ್ಡಿನಲ್ಲಿ ಕೆಲವು ದಿನ ಇದ್ದ. ಮಾತು ಹೋಗಿತ್ತು. ಅಲ್ಲಿಂದ ನಾವು ಅವನನ್ನು ತಿರುಗಿ ಮನೆಗೆ ತಂದಾಗ ಅವನಲ್ಲಿ ಉಸಿರಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂಡಿಸುತ್ತೇವೆ. ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂಡಿಸಿದಾಗ ಅವನ ಕೈ ಹಿಡಿದುಕೊಂಡಿದ್ದವನು ನಾನು. ಕೈ ಸ್ವಚ್ಛವಾಗಿದ್ದವು. ಬುದ್ಧಿ ತಿಳಿದಾಗಿನಿಂದ ನಾನು ಅವನ ಉಗುರಿನ ಸಂದಿಯಲ್ಲಿ ಬಣ್ಣವಿಲ್ಲದ್ದನ್ನು ನೋಡಿರಲಿಲ್ಲ. ಕಾರಕೂನನ ಕೈಯಂತೆ ಇದ್ದವು, ಯಾರದೋ ಕೈಯಂತೆ. ಒಂದು ಉಗುರಿನ ಮೇಲೆ ಮಾತ್ರ, ಡಬ್ಬಿಯಲ್ಲಿ ಅದ್ದಿ ಹಚ್ಚಿಕೊಂಡ ಕೆಂಪು ಹಾಗೇ ಉಳಿದಿತ್ತು. ದವಾಖಾನೆಯವರು ಒರೆಸಿರಲಿಲ್ಲ. ಸಂಬಂಧಿಕರೊಬ್ಬರು ಥಿನ್ನರ್ ಇದ್ದರೆ ಕೊಡಿ, ತೆಗೆಯೋಣ ಎಂದರು. ಇಲ್ಲ ಎಂದೆ. ಶೆಡ್ಡಿನ ತುಂಬ ಥಿನ್ನರ್ ಇತ್ತು.

ಕಾಂಟೆಸಾ ಈಗ ಶೆಡ್ಡಿನ ಹಿಂದಿನ ಮೂಲೆಯಲ್ಲಿ, ತಾಡಪತ್ರಿಯ ಕೆಳಗೆ ನಿಂತಿದೆ. ಒಂದೇ ಕೈ. ತಾಡಪತ್ರಿ ಸರಿದು ಬಿಸಿಲು ಬಿದ್ದಾಗ ಬೂದು ಬಣ್ಣ ಇಣುಕುತ್ತದೆ. ಹಳೆಯ ಗಾಡಿಗಳ ಹುಚ್ಚಿನ ಒಬ್ಬರು ಧಾರವಾಡದಿಂದ ಬಂದು ನೋಡಿ, "ಇಷ್ಟ ಮಾಡಿ ಯಾಕ ಬಿಟ್ರಿ? ಇನ್ನೊಂದ ಮೂರು ಕೈ ಹೊಡದ್ರ ಕನ್ನಡಿ ಆಕ್ಕೈತಲ್ಲ" ಎಂದರು. ಆಗುತ್ತದೆ. ಆದರೆ ಮೂರು ಕೈ ಹೊಡೆಯಬೇಕಾದರೆ ಇದ್ದದ್ದನ್ನು ಮೊದಲು ತಿಕ್ಕಬೇಕು. ಉಸುಕಿನ ಕಾಗದ ಹಿಡಿದು ಅವನು ನೋಡಿದ ಬಣ್ಣವನ್ನು ನೀರಿನಲ್ಲಿ ತೊಳೆದು ನೆಲಕ್ಕೆ ಬಿಡಬೇಕು. ಒಂದೆರಡು ಸಲ ಕಾಗದ ಒದ್ದೆ ಮಾಡಿಕೊಂಡು ಹೋಗಿ ನಿಂತೆ. ವೈನಿ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಹೊಡಿ ಎಂದೂ ಅನ್ನಲಿಲ್ಲ, ಬಿಡು ಎಂದೂ ಅನ್ನಲಿಲ್ಲ. ಕಾಗದ ಒಣಗಿತು.

ನಾನು ಮತ್ತೆ ನಮ್ಮ ಶೆಡ್ಡಿನಲ್ಲೇ ಕೆಲಸ ಮಾಡುತ್ತೇನೆ. ಎಮ್ಮೆ ಮೂತಿ ಹಾಕಿಕೊಂಡೇ ಹೊಡೆಯುತ್ತೇನೆ, ರಸ್ತೆಯವರು ಏನಾದರೂ ಅನ್ನಲಿ. ಸಂಜೆ ಮೂಗು ಸೀಟಿದರೆ ಯಾವ ಬಣ್ಣವೂ ಬರುವುದಿಲ್ಲ. ಆದರೂ ಮಾಳಿಗೆಯ ಮೆಟ್ಟಿಲ ಅರ್ಧಕ್ಕೆ ಈಗ ನಾನೂ ಒಮ್ಮೆ ನಿಲ್ಲುತ್ತೇನೆ. ಎದೆಯ ಫೋಟೋ ತೆಗೆಸಿಕೋ ಎಂದು ಚಾಚಾ ಹೇಳುತ್ತಿರುತ್ತಾರೆ. ಹೋಗಿಲ್ಲ. ಬೆಲ್ಲದ ಡಬ್ಬಿಯನ್ನು ವೈನಿ ತೊಳೆದು ಅಡುಗೆಮನೆಗೆ ಒಯ್ದಳು, ಅದರಲ್ಲಿ ಈಗ ಜೀರಿಗೆ ಇದೆ.

ಮುಂಜಾನೆ ಕಂಪ್ರೆಸರಿನ ಗುಂಡಿ ಒತ್ತಿದಾಗ ಶೆಡ್ಡಿನ ದೀಪ ಮಂದವಾಗುತ್ತದೆ. ನನ್ನ ಕೈ ಗುಂಡಿಯ ಮೇಲೆಯೇ ನಿಲ್ಲುತ್ತದೆ, ಬಂದ್ ಮಾಡಲು ತಯಾರಾಗಿ. ಅಂಗಳದ ಕಡೆ ಕಿವಿಗೊಡುತ್ತೇನೆ. ಏನೂ ಕೂಗುವುದಿಲ್ಲ. ದೀಪ ಮತ್ತೆ ಮೊದಲಿನಂತೆ ಉರಿಯುತ್ತದೆ. ಗನ್ ಎತ್ತಿಕೊಳ್ಳುತ್ತೇನೆ.